ಕುದುರೆಮರಿಗೂ ಅದಬ್: ಫುರೂಸಿಯ್ಯ ವಿದ್ಯೆಯ ಮರೆತುಹೋದ ಅಧ್ಯಾಯ

ಇಸ್ಲಾಮೀ ಇತಿಹಾಸದಲ್ಲಿ ಕುದುರೆ ಎಂದೊಡನೆ ನಮ್ಮವರ ಕಣ್ಣಮುಂದೆ ನಿಲ್ಲುವುದು ರಣರಂಗ. ಧೂಳೆಬ್ಬಿಸಿ ನುಗ್ಗುವ ಅಶ್ವದಳ, ಹಿರಿದ ಖಡ್ಗ, ಹಾರುವ ಧ್ವಜ. ಗೋಡೆಯ ಕ್ಯಾಲೆಂಡರಿನಲ್ಲೂ ಮೊಬೈಲಿನ ಪರದೆಯಲ್ಲೂ ಇದೇ ಚಿತ್ರ. ಆದರೆ ಫುರೂಸಿಯ್ಯ, ಅಂದರೆ ಅಶ್ವಾರೋಹಣ ವಿದ್ಯೆ, ಎಂಬ ಹೆಸರಿನಲ್ಲಿ ಅರಬಿ ಭಾಷೆಯಲ್ಲಿ ಬೆಳೆದುಬಂದ ಗ್ರಂಥರಾಶಿಯಲ್ಲಿ ಖಡ್ಗಕ್ಕೂ ಮುಂಚಿನ ಮಾತುಗಳಿಗೆ ದೊಡ್ಡ ಸ್ಥಾನವಿದೆ. ಮರಿಯ ವಯಸ್ಸೆಷ್ಟು, ಹಲ್ಲು ಯಾವ ಹಂತದಲ್ಲಿದೆ, ಸ್ವಭಾವ ಹೇಗಿದೆ, ಅದರ ಬೆನ್ನಿಗೆ ಯಾವಾಗ ಭಾರ ಹಾಕಬೇಕು, ಏನೂ ತಿಳಿಯದ ಹೊಸ ಸವಾರನಿಗೆ ಎಲ್ಲಿಂದ ಪಾಠ ಆರಂಭಿಸಬೇಕು: ಇವೇ ಅಲ್ಲಿನ ಮೊದಲ ಪ್ರಶ್ನೆಗಳು.

ಈ ವಿಷಯವನ್ನು ನಾವು ಈಗ ಎತ್ತಿಕೊಳ್ಳಲು ಕಾರಣವಿದೆ. ಮಕ್ಕಳಿಗೆ ಸವಾರಿ ಕಲಿಸಬೇಕೆಂಬ ಹಂಬಲ ಅನುಕೂಲವುಳ್ಳ ನಮ್ಮ ಕೆಲವು ಕುಟುಂಬಗಳಲ್ಲಿ ಈಚೆಗೆ ಕಾಣಿಸಿಕೊಂಡಿದೆ. ಒಬ್ಬ ತಂದೆ ನಮ್ಮೊಡನೆ, “ಉಸ್ತಾದರೇ, ಹನ್ನೆರಡು ವರ್ಷದ ಮಗನಿಗೆ ಎರಡು ವರ್ಷದ ಗಂಡು ಮರಿಯೊಂದನ್ನು ಕೊಡಿಸಬೇಕೆಂದಿದ್ದೇನೆ. ಇಬ್ಬರೂ ಜೊತೆಯಾಗಿ ಕಲಿಯಲಿ. ಸುನ್ನತ್ ಕೂಡ ಆಯಿತಲ್ಲ” ಎಂದರು. ಉದ್ದೇಶ ಒಳ್ಳೆಯದೇ. ಆದರೆ ಏನೂ ಅರಿಯದ ಹುಡುಗನನ್ನು ಏನೂ ಅರಿಯದ ಪ್ರಾಣಿಯ ಮೇಲೆ ಕೂರಿಸಿದರೆ ಬೀಳುವುದು ಹುಡುಗ, ಪೆಟ್ಟು ತಿನ್ನುವುದು ಕುದುರೆ. ಸುನ್ನತ್ತಿನ ಮಾತು ಬಂದುದರಿಂದ, ಆ ಪರಂಪರೆ ಈ ವಿಷಯದಲ್ಲಿ ನಿಜವಾಗಿ ನಡೆದುಕೊಂಡ ಬಗೆಯನ್ನು ನೋಡುವುದು ನ್ಯಾಯ.

ಮೊದಲು ಪದಗಳನ್ನು ಗಮನಿಸೋಣ. ಮನುಷ್ಯನ ವಿನೋದಗಳಲ್ಲಿ ವ್ಯರ್ಥವಲ್ಲದವು ಯಾವುವೆಂದು ಹೇಳುವ ಪ್ರಸಿದ್ಧ ಹದೀಸೊಂದು ಉಕ್ಬಾ ಇಬ್ನ್ ಆಮಿರ್(ರ) ಅವರಿಂದ ವರದಿಯಾಗಿದೆ. ಅದರಲ್ಲಿ ಬಾಣವಿದ್ಯೆಯ ಜೊತೆಗೆ ಒಬ್ಬನು ತನ್ನ ಕುದುರೆಗೆ ಶಿಕ್ಷಣ ಕೊಡುವುದೂ ಸೇರಿದೆ. ಅಲ್ಲಿ ಬಳಕೆಯಾಗಿರುವ ಶಬ್ದ ‘ತಅ್‌ದೀಬ್’, ಅದಬ್ ಕಲಿಸುವುದು. ಮದ್ರಸದಲ್ಲಿ ಮಕ್ಕಳ ವಿಷಯದಲ್ಲಿ ನಾವು ದಿನನಿತ್ಯ ಬಳಸುವ ಶಬ್ದವೇ ಅದು. ಕುದುರೆಮರಿಯನ್ನು ಪಳಗಿಸುವುದಕ್ಕೆ ಅರಬರು ಹೇಳುತ್ತಿದ್ದ ಇನ್ನೊಂದು ಮಾತು ‘ರಿಯಾಝತ್’. ಸೂಫಿಗಳು ಆತ್ಮವನ್ನು ಹದಕ್ಕೆ ತರುವ ಸಾಧನೆಗೆ ಇದೇ ಹೆಸರಿಟ್ಟರು. ಇಂದಿನ ಅರಬಿಯಲ್ಲಿ ಕ್ರೀಡೆ ಎಂಬುದಕ್ಕೂ ಇದೇ ಪದ. ಧಾರವಾಡದ ಹಿಂದೂಸ್ತಾನಿ ಗಾಯಕರು ಬೆಳಗಿನ ಜಾವ ಮಾಡುವ ‘ರಿಯಾಜ್’ ಕೂಡ ಇದೇ ಬೇರಿನಿಂದ ಚಿಗುರಿದ್ದು. ಒಡೆದು ಬಗ್ಗಿಸುವ ಅರ್ಥ ಈ ಯಾವ ಬಳಕೆಯಲ್ಲೂ ಇಲ್ಲ. ಮತ್ತೆಮತ್ತೆ, ತಾಳ್ಮೆಯಿಂದ ಮಾಡಿಸಿ ರೂಢಿಗೆ ತರುವುದು ಎಂಬುದೇ ಅದರ ತಿರುಳು.

ಪ್ರವಾದಿವರ್ಯರು(ಸ) ಮೊತ್ತಮೊದಲು ಹೊಂದಿದ ಕುದುರೆಯ ವೃತ್ತಾಂತವನ್ನು ಇಬ್ನ್ ಸಅ್‌ದ್ ಮೊದಲಾದವರು ದಾಖಲಿಸಿದ್ದಾರೆ. ಮದೀನಾದಲ್ಲಿ ಬನೂ ಫಝಾರಾ ಗೋತ್ರದ ಒಬ್ಬ ಬದವಿಯಿಂದ ಹತ್ತು ಊಕಿಯಾ, ಎಂದರೆ 400 ದಿರ್ಹಮ್ ಬೆಳ್ಳಿಗೆ, ಅದನ್ನು ಕೊಂಡರು. ಬದವಿ ಅದಕ್ಕಿಟ್ಟಿದ್ದ ಹೆಸರನ್ನು ಬದಲಿಸಿ ‘ಸಕ್ಬ್’ ಎಂದು ಕರೆದರು. ನೀರು ಹರಿದಂತೆ ಸರಾಗವಾಗಿ ಸಾಗುವುದು ಎಂಬ ಭಾವ ಆ ಹೆಸರಿನಲ್ಲಿದೆ. ಉಹುದ್ ಯುದ್ಧಕ್ಕೆ ಹೋದುದು ಅದರ ಮೇಲೆಯೇ. ಮೊದಲ ಕುದುರೆಗೆ ಹೆಸರು ಬಂದುದು ಅದರ ನಡಿಗೆಯ ಸೊಗಸಿನಿಂದ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಬುಖಾರಿಯಲ್ಲಿರುವ ಪಂದ್ಯದ ವರದಿ ಇನ್ನೂ ಸ್ವಾರಸ್ಯಕರ. ಪ್ರವಾದಿವರ್ಯರು(ಸ) ಕುದುರೆಗಳ ಓಟವನ್ನು ಎರಡು ಭಾಗ ಮಾಡಿಸಿದರು. ತರಬೇತಿಗೊಂಡು ಹದವಾದ ಕುದುರೆಗಳು ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ ಓಡಿದವು; ಆ ದೂರ ಐದಾರು ಮೈಲಿ. ಹದಗೊಳ್ಳದ ಕುದುರೆಗಳು ಸನಿಯ್ಯತುಲ್ ವದಾಅ್‌ನಿಂದ ಬನೂ ಝುರೈಕ್ ಮಸೀದಿಯವರೆಗೆ ಮಾತ್ರ; ಅದು ಒಂದೇ ಮೈಲಿ. ಅಂದಿನ ಸವಾರರಲ್ಲಿ ಯುವಕ ಅಬ್ದುಲ್ಲಾ ಇಬ್ನ್ ಉಮರ್(ರ) ಕೂಡ ಇದ್ದರು. ಹದಗೊಳಿಸುವ ಆ ಕ್ರಮಕ್ಕೆ ‘ತಝ್ಮೀರ್’ ಎಂದು ಹೆಸರು. ಮೊದಲು ಕುದುರೆಗೆ ಚೆನ್ನಾಗಿ ಮೇವು ಕೊಟ್ಟು ಮೈ ತುಂಬಿಸುತ್ತಾರೆ. ಆಮೇಲೆ ಮೇವನ್ನು ಮೆಲ್ಲಮೆಲ್ಲಗೆ ಪ್ರಾಣ ಹಿಡಿಯುವಷ್ಟಕ್ಕೆ ಇಳಿಸಿ, ಮುಚ್ಚಿದ ಮನೆಯಲ್ಲಿ ಕಟ್ಟಿ, ಮೇಲೆ ಕಂಬಳಿ ಹೊದಿಸಿ ಬೆವರಿಳಿಸುತ್ತಾರೆ. ಕೊಬ್ಬು ಕರಗಿ ಮಾಂಸ ಬಿಗಿಯಾಗುತ್ತದೆ, ಉಸಿರು ನಿಲ್ಲುತ್ತದೆ. ಇಲ್ಲಿ ‘ನಿಲ್ಲುತ್ತದೆ’ ಎಂದರೆ ಓಟದಲ್ಲಿ ಕೆಡದೆ ಸ್ಥಿರವಾಗುತ್ತದೆ ಎಂದರ್ಥ. ಈ ಕ್ರಮಕ್ಕೆ ನಲವತ್ತು ದಿನಗಳ ಲೆಕ್ಕವನ್ನು ನಿಘಂಟುಕಾರರು ಕೊಡುತ್ತಾರೆ. ಆದರೆ ನಮಗೆ ಮುಖ್ಯವಾಗಿ ತೋರುವುದು ಆ ಒಂದು ಮೈಲಿ. ಸಿದ್ಧವಾಗದ ಕುದುರೆಯನ್ನು ಅವರು ಪಂದ್ಯದಿಂದ ಹೊರಗಿಡಲಿಲ್ಲ. ಅದರ ಶಕ್ತಿಗೆ ತಕ್ಕ ದೂರವನ್ನು ಅದಕ್ಕೆ ಗೊತ್ತುಮಾಡಿದರು.

ಸವಾರರೂ ಎಲ್ಲರೂ ಹುಟ್ಟು ನಿಪುಣರಾಗಿರಲಿಲ್ಲ. ಬಜೀಲಾ ಗೋತ್ರದ ನಾಯಕ ಜರೀರ್ ಇಬ್ನ್ ಅಬ್ದಿಲ್ಲಾ(ರ) ಕುದುರೆಯ ಮೇಲೆ ಭದ್ರವಾಗಿ ಕುಳಿತುಕೊಳ್ಳಲಾರೆನೆಂದು ಪ್ರವಾದಿವರ್ಯರಲ್ಲಿ(ಸ) ಹೇಳಿಕೊಂಡರು. ಪ್ರವಾದಿವರ್ಯರು(ಸ) ಅವರ ಎದೆಯ ಮೇಲೆ ಕೈತಟ್ಟಿ ಸ್ಥಿರತೆಗಾಗಿ ಪ್ರಾರ್ಥಿಸಿದರು. ಅನಂತರ ಅದೇ ಜರೀರ್ ನೂರೈವತ್ತು ಸವಾರರೊಡನೆ ದಂಡಯಾತ್ರೆಗೆ ಹೊರಟರು. ಇಡೀ ಗೋತ್ರದ ನಾಯಕನೊಬ್ಬ ತನ್ನ ಕೊರತೆಯನ್ನು ಇಷ್ಟು ಸರಳವಾಗಿ ಹೇಳಿಕೊಂಡಿರುವಾಗ, ನಮ್ಮ ಹುಡುಗರು ಮೊದಲ ವರ್ಷ ಸಾಧುವಾದ ಮುದಿ ಕುದುರೆಯ ಮೇಲೆ ಕೂರಲು ನಾಚಬೇಕಾಗಿಲ್ಲ.

ನಿಧಾನದ ಕುದುರೆಗಳ ಗೌರವವನ್ನೂ ಹದೀಸ್ ಉಳಿಸಿದೆ. ಒಂದು ರಾತ್ರಿ ಮದೀನಾದಲ್ಲಿ ಏನೋ ಸದ್ದಾಗಿ ಜನ ಗಾಬರಿಯಾದರು. ಪ್ರವಾದಿವರ್ಯರು(ಸ) ಅಬೂ ತಲ್ಹಾ(ರ) ಅವರ ಕುದುರೆಯನ್ನು ಜೀನಿಲ್ಲದೆಯೇ ಏರಿ, ಎಲ್ಲರಿಗಿಂತ ಮೊದಲು ಹೋಗಿ ನೋಡಿ, ಭಯಪಡಬೇಡಿರೆಂದು ಹೇಳುತ್ತ ಹಿಂದಿರುಗಿದರು. ಆ ಕುದುರೆ ಮಂದಗತಿಯದೆಂದೇ ಊರಲ್ಲಿ ಹೆಸರಾಗಿತ್ತು. ಆದರೆ ಅಂದಿನ ಅದರ ಓಟವನ್ನು ಅವರು ಸಮುದ್ರಕ್ಕೆ ಹೋಲಿಸಿ ಮೆಚ್ಚಿದರು. ಒರಟು ಒಂಟೆಯೊಂದನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಿದ್ದ ಆಯಿಶಾ(ರ) ಅವರಿಗೆ ಮೃದುತ್ವದ ಉಪದೇಶ ದೊರೆತ ಪ್ರಸಂಗವೂ ಮುಸ್ಲಿಮ್ ಗ್ರಂಥದಲ್ಲಿದೆ. ಮೃದುತ್ವದ ಆ ಹದೀಸನ್ನು ಮನೆವಾರ್ತೆಗೂ ನೆರೆಹೊರೆಗೂ ಅನ್ವಯಿಸಿ ನಾವು ಬೋಧಿಸುತ್ತೇವೆ; ಅದು ಹುಟ್ಟಿದ್ದು ಒಂದು ಪ್ರಾಣಿಯ ಬೆನ್ನ ಮೇಲೆ ಎಂಬುದನ್ನು ಹೇಳುವುದು ಕಡಿಮೆ.

ಅಬ್ಬಾಸಿಯರ ಕಾಲಕ್ಕೆ ಈ ಅನುಭವವೆಲ್ಲ ಶಾಸ್ತ್ರದ ರೂಪ ಪಡೆಯಿತು. ಹಿಜರಿ ಮೂರನೆಯ ಶತಮಾನದಲ್ಲಿ ಖಲೀಫರ ಲಾಯದ ಅಧಿಕಾರಿಯಾಗಿದ್ದ ಇಬ್ನ್ ಅಖೀ ಹಿಝಾಮ್ ಬರೆದ ಗ್ರಂಥವೇ ಈ ವಿದ್ಯೆಯಲ್ಲಿ ನಮಗೆ ಉಳಿದುಬಂದಿರುವ ಅತ್ಯಂತ ಹಳೆಯ ಕೃತಿ. ಸವಾರಿಗೆ ಆತ ಹಾಕುವ ಅಡಿಪಾಯ ಎರಡು: ಭದ್ರವಾಗಿ ಕೂರುವುದು ಮತ್ತು ಲಗಾಮಿನ ಎರಡು ಎಳೆಗಳನ್ನು ಸಮವಾಗಿ ಹಿಡಿಯುವುದು. ಜೀನಿಲ್ಲದ ಬೆನ್ನ ಮೇಲೆ ಕಲಿಯದವನ ಸವಾರಿ ಗಟ್ಟಿಯಲ್ಲ ಎಂಬುದು ಈ ಪರಂಪರೆಯ ನಿಲುವು.

ಇಲ್ಲೊಂದು ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಹಾರೂನ್ ರಶೀದರ ಕಾಲದ ಇಬ್ಬರು ಮಹಾ ಭಾಷಾಪಂಡಿತರು ಅಬೂ ಉಬೈದಾ ಮತ್ತು ಅಸ್ಮಯೀ. ಕುದುರೆಯ ಬಗ್ಗೆ ಅಬೂ ಉಬೈದಾ ಬರೆದುದು ಐವತ್ತು ಸಂಪುಟ, ಅಸ್ಮಯೀ ಬರೆದುದು ಒಂದೇ. ವಝೀರ ಫಝ್ಲ್ ಇಬ್ನ್ ರಬೀಅ್ ಒಂದು ಕುದುರೆಯನ್ನು ತರಿಸಿ ನಿಲ್ಲಿಸಿ, ಇದರ ಒಂದೊಂದು ಅಂಗವನ್ನೂ ಮುಟ್ಟಿ ಹೆಸರಿಸಿ ಎಂದರು. ನಾನೇನು ಪಶುವೈದ್ಯನೇ ಎಂದು ಅಬೂ ಉಬೈದಾ ಹಿಂದೆ ಸರಿದರು. ಅಸ್ಮಯೀ ಎದ್ದು ಕುದುರೆಯ ನೆತ್ತಿಗೂದಲಿಗೆ ಕೈಹಾಕಿ, ಅಂಗಾಂಗಗಳನ್ನು ಮುಟ್ಟುತ್ತ, ಪ್ರತಿಯೊಂದಕ್ಕೂ ಕವಿಗಳ ಪ್ರಯೋಗ ಹೇಳುತ್ತ ಗೊರಸಿನವರೆಗೂ ಬಂದರು. ಆ ಕುದುರೆಯೇ ಅವರಿಗೆ ಬಹುಮಾನವಾಯಿತು. ಅಬೂ ಉಬೈದಾರನ್ನು ಕೆಣಕಬೇಕೆನಿಸಿದಾಗಲೆಲ್ಲ ಅಸ್ಮಯೀ ಅದನ್ನೇ ಏರಿ ಅವರಲ್ಲಿಗೆ ಹೋಗುತ್ತಿದ್ದರಂತೆ! ಕುದುರೆ ಕೊಳ್ಳಲು ಪುಸ್ತಕ ಓದಿಯೋ ವಿಡಿಯೋ ನೋಡಿಯೋ ಹೊರಡುವವರು ಈ ಐವತ್ತು ಸಂಪುಟಗಳನ್ನು ನೆನೆಯಬಹುದು.

ಮಮ್ಲೂಕರ ಕೈರೋ ಈ ವಿದ್ಯೆಯ ಪರಾಕಾಷ್ಠೆ. ದೂರದ ಕಿಪ್ಚಾಕ್ ಬಯಲುಗಳಿಂದ ಕೊಂಡುತಂದ ಬಾಲಕರು ಕೋಟೆಯ ತಂಗುದಾಣಗಳಲ್ಲಿ ಬೆಳೆಯುತ್ತಿದ್ದರು. ಇತಿಹಾಸಕಾರ ಮಕ್ರೀಝೀ ವಿವರಿಸುವಂತೆ ಅವರಿಗೆ ಮೊದಲು ದೊರೆಯುತ್ತಿದ್ದುದು ಕುರ್‌ಆನ್, ಬರವಣಿಗೆ ಮತ್ತು ಧರ್ಮಾಚರಣೆಯ ಪಾಠ. ಪ್ರಾಯಕ್ಕೆ ಬಂದ ಮೇಲಷ್ಟೇ ಆಯುಧ ಮತ್ತು ಸವಾರಿ. ಅದೂ ಒಮ್ಮೆಲೇ ಜೀವಂತ ಕುದುರೆಯ ಮೇಲಲ್ಲ. ಮರದಿಂದಲೋ ಮಣ್ಣಿನಿಂದಲೋ ಮಾಡಿದ ಕುದುರೆಯ ಬೊಂಬೆಯ ಮೇಲೆ ಹಾರಿ ಕೂರುವುದನ್ನು ಕಲಿಸುತ್ತಿದ್ದರು. ಮೊದಲು ಬರಿಮೈಯ ಬೊಂಬೆ, ಆಮೇಲೆ ಜೀನು ಹಾಕಿದ ಬೊಂಬೆ, ಆಮೇಲೆ ಆಯುಧ ಧರಿಸಿ. ಇದು ಸಲೀಸಾದ ಮೇಲೆ ನಿಜವಾದ ಕುದುರೆ. ಅದರ ಬೆನ್ನಿನ ಮೇಲೂ ಆರಂಭದಲ್ಲಿ ಒಂದು ಕಂಬಳಿ ಮಾತ್ರ. ಮೊದಲು ನಡಿಗೆ, ಆಮೇಲೆ ದುಡುಕು, ಕಡೆಗೆ ಓಟ. ಹಸಿ ಮರಿಗಳನ್ನು ಪಳಗಿಸುವ ಕೆಲಸಕ್ಕೆ ‘ರಾಯಿಝ್’ ಎಂಬ ನುರಿತ ಕಸುಬುದಾರರೇ ಬೇರೆ ಇದ್ದರು. ಜಗತ್ತಿನ ಅತ್ಯುತ್ತಮ ಅಶ್ವದಳಗಳಲ್ಲಿ ಒಂದನ್ನು ಕಟ್ಟಿದವರು ಮಕ್ಕಳನ್ನು ಮರದ ಕುದುರೆಯಿಂದ ಆರಂಭಿಸಿದರು! ಅಲ್ಲಿನ ಸುಲ್ತಾನ್ ನಾಸಿರ್ ಮುಹಮ್ಮದ್ ಇಬ್ನ್ ಕಲಾವೂನರಿಗೆ ಅರಬೀ ಕುದುರೆಗಳ ಹುಚ್ಚು ಬಹಳ. ಅವರ ಪಶುವೈದ್ಯ ಅಬೂಬಕ್ರ್ ಇಬ್ನುಲ್ ಮುಂಝಿರ್ ಬರೆದ ಅಶ್ವಗ್ರಂಥಕ್ಕೆ ಸುಲ್ತಾನರ ಹೆಸರಿನಿಂದಲೇ ‘ನಾಸಿರೀ’ ಎಂಬ ಪ್ರಸಿದ್ಧಿ ಬಂತು.

ಇನ್ನು ಮರಿಯ ವಯಸ್ಸಿನ ಪ್ರಶ್ನೆ. ಅರಬರು ಕುದುರೆಗೆ ವರ್ಷವರ್ಷಕ್ಕೂ ಬೇರೆ ಹೆಸರಿಟ್ಟಿದ್ದರು. ಹಾಲುಮರಿ ‘ಮುಹ್ರ್’, ವರ್ಷ ತುಂಬಿದ್ದು ‘ಹೌಲಿ’, ಎರಡಕ್ಕೆ ‘ಜಝಅ್’, ಮೂರಕ್ಕೆ ‘ಸನೀ’, ನಾಲ್ಕಕ್ಕೆ ‘ರಬಾಅ್’, ಐದಕ್ಕೆ ‘ಕಾರಿಹ್’. ಈ ಹೆಸರುಗಳ ಹಿಂದಿರುವುದು ಹಲ್ಲಿನ ಲೆಕ್ಕ. ಮುಂಬಾಯಿಯ ಹಾಲುಹಲ್ಲುಗಳ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ, ಪಕ್ಕದ ಜೋಡಿ ಮೂರೂವರೆಗೆ, ಕೊನೆಯ ಜೋಡಿ ನಾಲ್ಕೂವರೆಗೆ ಬಿದ್ದು ಹೊಸವು ಬರುತ್ತವೆ. ಐದಕ್ಕೆ ಬಾಯಿ ಪೂರ್ಣ. ಮರುಭೂಮಿಯವರು ಇನ್ನೂ ಬೇಗ ಆರಂಭಿಸುತ್ತಿದ್ದುದುಂಟು. ಅಲ್ಜೀರಿಯಾದ ಅಮೀರ್ ಅಬ್ದುಲ್ ಕಾದಿರರ ಟಿಪ್ಪಣಿಗಳೊಡನೆ ಫ್ರೆಂಚ್ ಸೇನಾಧಿಕಾರಿ ದೋಮಾ ಪ್ರಕಟಿಸಿದ ಸಹಾರಾ ಕುದುರೆಗಳ ಪುಸ್ತಕದಲ್ಲಿ, ಒಂದೂವರೆ ವರ್ಷದ ಮರಿಯ ಮೇಲೆ ಮಗುವನ್ನು ಕೂರಿಸಿ ನೀರಿಗೆ ಕೊಂಡೊಯ್ಯುವ ಪದ್ಧತಿಯ ವರ್ಣನೆಯಿದೆ. ಆದರೆ ಆ ಮಗು ಡೇರೆಯಲ್ಲಿ ಕುದುರೆಗಳ ನಡುವೆಯೇ ಹುಟ್ಟಿ ಬೆಳೆದದ್ದು, ಮೈಭಾರ ತೀರ ಕಡಿಮೆ, ಸುತ್ತ ತಲೆಮಾರುಗಳ ಅನುಭವವುಳ್ಳ ಹಿರಿಯರು. ಪೇಟೆಯ ಹನ್ನೆರಡು ವರ್ಷದ ಹುಡುಗನಿಗೆ ಆ ಉದಾಹರಣೆ ಹೊಂದದು. ಕುದುರೆಯ ಬೆನ್ನೆಲುಬಿನ ಬೆಳವಣಿಗೆ ಐದು ವರ್ಷ ದಾಟಿಯೂ ಮುಂದುವರಿಯುತ್ತದೆಂದು ಇಂದಿನ ಪಶುವೈದ್ಯರು ಹೇಳುತ್ತಾರೆ; ಹಲ್ಲು ತುಂಬಿದ ‘ಕಾರಿಹ್’ನನ್ನೇ ಪೂರ್ಣ ಕುದುರೆಯೆಂದು ಕರೆದ ಹಿಂದಿನವರ ಲೆಕ್ಕವೂ ಅದರ ಹತ್ತಿರವೇ ಇದೆ.

ನಮ್ಮ ನಾಡಿಗೂ ಈ ಇತಿಹಾಸದ ನಂಟುಂಟು. ಭಟ್ಕಳ, ಹೊನ್ನಾವರದ ಬಂದರುಗಳಲ್ಲಿ ಅರಬೀ ಕುದುರೆಗಳು ಇಳಿಯುತ್ತಿದ್ದವು. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಇಷ್ಟೊಂದು ಆಮದಿಗೆ ಹವೆಯೂ ಒಂದು ಕಾರಣ, ಆರೈಕೆ ಅರಿತವರ ಕೊರತೆಯೂ ಒಂದು ಕಾರಣ; ತಮಿಳು ಕರಾವಳಿಯಲ್ಲಿ ಕುದುರೆಗಳು ಹೀಗೆ ಸಾಯುತ್ತಿದ್ದುದನ್ನು ಮಾರ್ಕೊ ಪೋಲೋ ಆಗಲೇ ಗುರುತಿಸಿದ್ದನು. 1824ರಲ್ಲಿ ಇರಾನಿನ ಶೀರಾಝಿನಿಂದ ಕುದುರೆಗಳೊಡನೆ ಬೆಂಗಳೂರಿಗೆ ಬಂದು ನೆಲೆಸಿದ ಆಗಾ ಅಲಿ ಅಸ್ಕರ್ ಈ ವ್ಯಾಪಾರದ ಕೊನೆಯ ದೊಡ್ಡ ಹೆಸರುಗಳಲ್ಲೊಬ್ಬರು. ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ.

ಹಾಗಾದರೆ ಮೊದಲ ಕುದುರೆ ಎಂತಹುದಿರಬೇಕು? ಬಣ್ಣ, ಹಣೆಯ ಬಿಳಿ ಬೊಟ್ಟು, ಕಾಲಿನ ಬಿಳುಪು ಇವುಗಳ ಬಗ್ಗೆ ಹದೀಸುಗಳಿವೆ. ಕೊಳ್ಳುವವರು ಇವನ್ನೇ ಹಿಡಿದು ಚರ್ಚಿಸುತ್ತಾರೆ. ಫಿಕ್ಹ್ ಪಂಡಿತರು ಇನ್ನೊಂದನ್ನು ನೋಡಿದರು. ನಮ್ಮ ಕರಾವಳಿಯ ದರ್ಸುಗಳಲ್ಲಿ ಇಂದಿಗೂ ಓದಿಸುವ ಇಮಾಮ್ ನವವೀ ಅವರ ‘ಮಿನ್ಹಾಜ್’ನ ವ್ಯಾಪಾರ ಪ್ರಕರಣದಲ್ಲಿ, ಸರಕನ್ನು ಹಿಂದಿರುಗಿಸುವ ಹಕ್ಕು ಕೊಡುವ ದೋಷಗಳ ಸಾಲಿನಲ್ಲಿ ಪ್ರಾಣಿಯು ಹತೋಟಿ ಮೀರಿ ಓಡುವುದು ಮತ್ತು ಕಚ್ಚುವುದು ಎರಡನ್ನೂ ಹೆಸರಿಸಿದ್ದಾರೆ. ಕಾಲು ಕುಂಟಾದಂತೆಯೇ ಸ್ವಭಾವ ಕೆಟ್ಟದ್ದೂ ಮಾಲಿನ ದೋಷವೇ, ಮಾರುವವನು ಅದನ್ನು ಮುಚ್ಚಿಡುವಂತಿಲ್ಲ. ಆದುದರಿಂದ ಹುಡುಗನಿಗೆ ಕೊಡಿಸುವವರು ಹತ್ತು ವರ್ಷ ದಾಟಿದ, ಹಲವು ಸವಾರರನ್ನು ಹೊತ್ತು ನುರಿತ, ರಸ್ತೆಯ ಸದ್ದಿಗೆ ಬೆದರದ, ಗೊರಸು ಎತ್ತಲು ಬಿಡುವ ಹೆಣ್ಣುಕುದುರೆಯನ್ನೋ ಬೀಜ ಒಡೆಸಿದ ಕುದುರೆಯನ್ನೋ ಹುಡುಕುವುದು ಲೇಸು. ಒಂದೇ ಭೇಟಿಯಲ್ಲಿ ಮಾತು ಮುಗಿಸದೆ, ತಿಳಿಸದೆ ಇನ್ನೊಮ್ಮೆ ಹೋಗಿ, ಲಾಯದಲ್ಲಿ ಅದನ್ನು ಹಿಡಿಯುವುದರಿಂದ ಹಿಡಿದು ಜೀನು ಬಿಗಿಯುವವರೆಗೆ ನಿಂತು ನೋಡಬೇಕು. ಮಾರುವವನು ಮೊದಲು ತಾನೇ ಹತ್ತಿ ತೋರಿಸಲಿ. ಮರಿಯನ್ನೇ ಸಾಕುವ ಆಸೆಯಿದ್ದರೆ ಅದು ನುರಿತ ತರಬೇತುದಾರರ ಕೈಯಲ್ಲಿ ಬೆಳೆಯಲಿ. ಹುಡುಗನು ಮೈ ಉಜ್ಜಲಿ, ಹಗ್ಗ ಹಿಡಿದು ಜೊತೆಗೆ ನಡೆಯಲಿ. ಮತ್ತು ವ್ಯಾಪಾರಕ್ಕೆ ಮುನ್ನ ಪಶುವೈದ್ಯರೊಬ್ಬರನ್ನು ಕರೆದೊಯ್ಯಬೇಕು. ಹನ್ನೆರಡನೆಯ ಶತಮಾನದಲ್ಲಿ ಮಾರುಕಟ್ಟೆಯ ಮೇಲ್ವಿಚಾರಕರಿಗಾಗಿ ಕೈಪಿಡಿ ಬರೆದ ಶೈಝರೀ ಮನುಷ್ಯರ ಚಿಕಿತ್ಸೆಗಿಂತ ಪ್ರಾಣಿಗಳ ಚಿಕಿತ್ಸೆಯೇ ಕಷ್ಟವೆಂದು ಎಣಿಸಿದ್ದರು, ಏಕೆಂದರೆ ತನಗೆ ಎಲ್ಲಿ ನೋಯುತ್ತದೆಂದು ಪ್ರಾಣಿ ಬಾಯಿಬಿಟ್ಟು ಹೇಳಲಾರದು.