ಮಾಊನ್ ಅಧ್ಯಾಯ, ಕ್ಷಾಮದ ಧಾನ್ಯ ಮತ್ತು ನಮ್ಮ ಮಕ್ಕಳು

ಪವಿತ್ರ ಕುರ್‌ಆನಿನ 107ನೆಯ ಅಧ್ಯಾಯವಾದ ‘ಅಲ್ ಮಾಊನ್’ ಕೇವಲ ಏಳು ಸೂಕ್ತಗಳದ್ದು. ರಾಯಚೂರು, ಮಾನ್ವಿ, ದೇವದುರ್ಗಗಳ ಮಕ್ತಬ್‌ಗಳಲ್ಲಿ ಎಳೆಯ ಮಕ್ಕಳು ಬಹು ಬೇಗ ಕಂಠಪಾಠ ಮಾಡುವ ಅಧ್ಯಾಯಗಳಲ್ಲಿ ಇದೂ ಒಂದು. ಅನಾಥನನ್ನು ದೂರ ತಳ್ಳುವವನನ್ನು, ಬಡವನಿಗೆ ಅನ್ನ ನೀಡುವಂತೆ ಯಾರನ್ನೂ ಪ್ರೇರೇಪಿಸದವನನ್ನು ಅದು ಧರ್ಮವನ್ನೇ ಅಲ್ಲಗಳೆಯುವವನೆಂದು ಗುರುತಿಸುತ್ತದೆ. ಮುಂದೆ, ನಮಾಝ್ ಮಾಡುತ್ತಲೇ ಅದರ ಕುರಿತು ಅಲಕ್ಷ್ಯ ತೋರುವವರನ್ನು ಎಚ್ಚರಿಸಿ, ಅತಿ ಸಣ್ಣ ಉಪಕಾರವನ್ನೂ ತಡೆಹಿಡಿಯುವವರ ಮಾತಿನೊಂದಿಗೆ ಮುಗಿಯುತ್ತದೆ. ‘ಮಾಊನ್’ ಎಂಬುದಕ್ಕೆ ವ್ಯಾಖ್ಯಾನಕಾರರು ನೀಡಿರುವ ಉದಾಹರಣೆಗಳು ಎಷ್ಟು ಸರಳವಾಗಿವೆ ನೋಡಿ: ಕೊಡಲಿ, ಅಡಿಗೆಯ ಪಾತ್ರೆ, ಬಾವಿಯಿಂದ ನೀರು ಸೇದುವ ಬಕೆಟ್. ನೆರೆಮನೆಯವರು ಕೇಳಿ ಪಡೆದು, ಕೆಲಸ ಮುಗಿದ ಮೇಲೆ ಹಿಂದಿರುಗಿಸುವ ವಸ್ತುಗಳವು. ಇಂದಿನ ಶಾಲೆಯ ಮಗುವಿಗೆ ಅದು ಪೆನ್ಸಿಲ್ ಮತ್ತು ರಬ್ಬರ್.

ಈ ಅಧ್ಯಾಯದ ಉಚ್ಚಾರಣೆಯನ್ನು ತಿದ್ದುವುದರಲ್ಲಿ ನಾವು ತೋರುವ ಶ್ರದ್ಧೆಯ ಅರ್ಧದಷ್ಟನ್ನೂ ಅದರ ಅರ್ಥವನ್ನು ಬದುಕಿಗೆ ಇಳಿಸುವುದರಲ್ಲಿ ತೋರುತ್ತಿಲ್ಲ. ಅರ್ಥ ಹೇಳುವಾಗಲೂ ಕಥೆಗಳೆಲ್ಲ ಮಕ್ಕಾ, ಮದೀನಗಳಲ್ಲೇ ನಡೆದು ಮುಗಿಯುತ್ತವೆ. ಅವು ಬೇಕೇ ಬೇಕು. ಆದರೆ ಮಗು ಓಡಾಡುವ ನೆಲಕ್ಕೂ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆಯಲ್ಲಿ ಹಸಿವು, ನೀರಡಿಕೆ, ನೆರವು ಮೂರೂ ಇವೆ.

ರಾಯಚೂರಿನ ಏಕ್ ಮಿನಾರ್ ಮಸೀದಿಯನ್ನು ನೋಡದ ಮಗು ಈ ನಗರದಲ್ಲಿ ವಿರಳ. ಅದು 1513ರಲ್ಲಿ, ಬಹಮನಿ ಸುಲ್ತಾನ ಮಹಮೂದ್ ಶಾಹ್‌ನ ಕಾಲದಲ್ಲಿ ನಿರ್ಮಾಣವಾಯಿತು. ಅದೇ ವಂಶದಲ್ಲಿ, ಅದಕ್ಕಿಂತ ಒಂದು ಶತಮಾನಕ್ಕೂ ಹಿಂದೆ, ಎರಡನೆಯ ಮುಹಮ್ಮದ್ ಶಾಹ್ ಎಂಬ ಸುಲ್ತಾನನಿದ್ದನು. 1378ರಿಂದ 1397ರ ವರೆಗಿನ ಅವನ ಆಳ್ವಿಕೆಯಲ್ಲಿ ದಖ್ಖನನ್ನು ಭೀಕರ ಕ್ಷಾಮವು ವರ್ಷಗಟ್ಟಲೆ ಕಾಡಿತು. ಮಾಳವ ಮತ್ತು ಗುಜರಾತ್ ಕ್ಷಾಮದಿಂದ ಪಾರಾಗಿದ್ದವು. ಸುಲ್ತಾನನು ಎತ್ತುಗಳನ್ನು ಅಲ್ಲಿಗೆ ಅಟ್ಟಿ, ಧಾನ್ಯ ಹೇರಿಸಿ ತಂದು, ಇಲ್ಲಿ ಅಗ್ಗದ ಬೆಲೆಗೆ ಮಾರಿಸಿದನು. ಎತ್ತುಗಳ ಸಂಖ್ಯೆಯನ್ನು ಒಂದು ಗ್ರಂಥ ಸಾವಿರವೆಂದರೆ ಇನ್ನೊಂದು ಹತ್ತು ಸಾವಿರವೆನ್ನುತ್ತದೆ. ಸುಲ್ತಾನರ ಎತ್ತುಗಳು ಬರಹಗಾರರ ಲೇಖನಿಯಲ್ಲಿ ಬಲು ಬೇಗ ಮರಿ ಹಾಕುತ್ತವೆ.

ಎತ್ತುಗಳಿಗಿಂತ ಮುಖ್ಯವಾದ ಇನ್ನೊಂದು ಕಾರ್ಯ ಅವನಿಂದ ನಡೆಯಿತು. ಕಲಬುರಗಿ, ಬೀದರ್, ಕಂಧಾರ್, ಎಲಿಚ್‌ಪುರ, ದೌಲತಾಬಾದ್, ಚೌಲ್, ದಾಭೋಲ್ ಮುಂತಾದ ಪಟ್ಟಣಗಳಲ್ಲಿ ಅವನು ಅನಾಥ ಮಕ್ಕಳಿಗಾಗಿ ಶಾಲೆಗಳನ್ನು ತೆರೆದನು. ಅಲ್ಲಿ ಮಕ್ಕಳಿಗೆ ಓದು ಮಾತ್ರವಲ್ಲ, ವಸತಿ ಮತ್ತು ಊಟವೂ ರಾಜ್ಯದ ಖರ್ಚಿನಲ್ಲೇ ದೊರೆಯುತ್ತಿತ್ತು. ಕುರುಡರಿಗೂ ವೇತನ ಗೊತ್ತುಪಡಿಸಿದನು. ಈ ಸಂಗತಿಗಳನ್ನು ಎರಡು ಶತಮಾನಗಳ ನಂತರ ಬಿಜಾಪುರದ ಆಸ್ಥಾನದಲ್ಲಿದ್ದು ಬರೆದವನು ಇತಿಹಾಸಕಾರ ಫರಿಶ್ತಾ. ಊರುಗಳ ಆ ಪಟ್ಟಿಯಲ್ಲಿ ರಾಯಚೂರಿನ ಹೆಸರಿಲ್ಲ. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ಈ ದೋಆಬ್ ಆಗ ಬಹಮನಿ ಮತ್ತು ವಿಜಯನಗರಗಳ ಸೈನ್ಯಗಳು ಮತ್ತೆ ಮತ್ತೆ ತುಳಿದ ನೆಲ. ಯುದ್ಧ ಅನಾಥರನ್ನು ಸೃಷ್ಟಿಸಿದ ಕಡೆಯೇ ಅನಾಥರ ಶಾಲೆಯ ಉಲ್ಲೇಖವಿಲ್ಲದಿರುವುದನ್ನು ಮಕ್ಕಳಿಗೆ ಹೇಳುವಾಗ ಮುಚ್ಚಿಡಬೇಕಾಗಿಲ್ಲ.

ಮುಚ್ಚಿಡಬಾರದ ಮತ್ತೊಂದು ಮಾತಿದೆ. ಆ ಅಗ್ಗದ ಧಾನ್ಯವನ್ನು ಮುಸ್ಲಿಮರಿಗೆ ಮಾತ್ರ ಮಾರಲಾಯಿತೆಂದು ಇಂಗ್ಲಿಷ್ ಇತಿಹಾಸಕಾರ ವೂಲ್ಸ್ಲಿ ಹೇಗ್ ಬರೆದಿದ್ದಾನೆ. ಫರಿಶ್ತಾನ ಮಾತಿನಲ್ಲಿ ಅದು ಜನರಿಗೆಲ್ಲ ದೊರೆತ ಧಾನ್ಯ. ಯಾರು ಸರಿ ಎಂಬ ವಾದದಲ್ಲಿ ಸುಲ್ತಾನನ ವಕೀಲರಾಗಿ ನಿಲ್ಲುವ ಅಗತ್ಯ ನಮಗಿಲ್ಲ. ಹೇಗ್ ಬರೆದದ್ದು ನಿಜವೇ ಆಗಿದ್ದರೆ ಆ ಕ್ರಮ ಸರಿಯಲ್ಲವೆಂದು ಮಗುವಿಗೆ ನೇರವಾಗಿ ಹೇಳಬಹುದು. ನಮ್ಮ ಆದರ್ಶ ಸುಲ್ತಾನರಲ್ಲ, ಪ್ರವಾದಿ ಮುಹಮ್ಮದ್(ಸ) ಮತ್ತು ಅವರ ಕೈಯಲ್ಲಿ ಬೆಳೆದವರು.

ಅಂತಹವರಲ್ಲಿ ಒಬ್ಬರು ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ). ಒಮ್ಮೆ ಅವರ ಮನೆಯಲ್ಲಿ ಆಡು ಕೊಯ್ದಿದ್ದರು. ಮನೆಗೆ ಬಂದ ಅವರು ಕೇಳಿದ ಮೊದಲ ಪ್ರಶ್ನೆ, ನೆರೆಯ ಯಹೂದಿಯ ಮನೆಗೆ ಮಾಂಸ ಕಳುಹಿಸಿದಿರಾ ಎಂಬುದು. ಅದನ್ನೇ ಮತ್ತೊಮ್ಮೆಯೂ ಕೇಳಿದರು. ನೆರೆಯವರ ವಿಷಯದಲ್ಲಿ ಜಿಬ್ರೀಲ್(ಅ) ಎಷ್ಟು ಒತ್ತಿ ಉಪದೇಶಿಸುತ್ತಿದ್ದರೆಂದರೆ, ನೆರೆಯವನನ್ನು ಆಸ್ತಿಯ ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎಂದು ತಮಗೆ ಅನಿಸಿತ್ತೆಂದು ಪ್ರವಾದಿ(ಸ) ಹೇಳಿದ್ದನ್ನು ಅವರು ಕಿವಿಯಾರೆ ಕೇಳಿದ್ದರು. ಆ ಉಪದೇಶದಲ್ಲಿ ನೆರೆಯವನ ಧರ್ಮ ಯಾವುದೆಂಬ ಷರತ್ತು ಇರಲಿಲ್ಲವೆಂದು ಅವರು ಗ್ರಹಿಸಿದ್ದರು. ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಮುಸ್ಲಿಮರ ಮನೆಯ ಗೋಡೆಗೆ ಅಂಟಿ ಇನ್ನೊಂದು ಸಮುದಾಯದ ಮನೆ ಇರುವುದು ಸಾಮಾನ್ಯ. ಈದ್‌ನ ಶೀರ್ ಖುರ್ಮಾದ ಬಟ್ಟಲು ಆ ಮನೆಗೆ ಹೋಗುವ ಪದ್ಧತಿ ಹಲವೆಡೆ ಇಂದಿಗೂ ಉಳಿದಿದೆ. ಆ ಬಟ್ಟಲನ್ನು ಹಿರಿಯರು ಒಯ್ಯುವುದಕ್ಕಿಂತ ಮಗುವಿನ ಕೈಯಲ್ಲಿ ಕೊಟ್ಟು ಕಳುಹಿಸುವುದು ಲೇಸು. ಅರ್ಧ ಚೆಲ್ಲಿದರೂ ಚಿಂತೆಯಿಲ್ಲ.

ನೀರಿನ ಪಾಠವಂತೂ ನಮ್ಮ ಜಿಲ್ಲೆಯಲ್ಲಿ ಪುಸ್ತಕವಿಲ್ಲದೆಯೇ ಕಲಿಸಬಹುದಾದದ್ದು. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ದಾಟಿ ಮಾನ್ವಿ, ರಾಯಚೂರಿನ ಕಡೆ ಬರುವ ಹೊತ್ತಿಗೆ ನೀರು ಸೊರಗಿರುತ್ತದೆ. ಮೇಲಿನವರು ಹೆಚ್ಚು ಎಳೆದುಕೊಂಡರೆ ಕೆಳಗಿನವರ ಗದ್ದೆ ಒಣಗುತ್ತದೆ ಎಂಬುದನ್ನು ಕಾಲುವೆಯ ಕೊನೆಯ ಭಾಗದ ರೈತರ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಇಂಥದೇ ಒಂದು ವ್ಯಾಜ್ಯ ಮದೀನದಲ್ಲಿ ಪ್ರವಾದಿ(ಸ)ರ ಮುಂದೆ ಬಂದಿತ್ತು. ಹಝ್ರತ್ ಝುಬೈರ್(ರ)ರ ತೋಟ ನೀರಿನ ಹಾದಿಯಲ್ಲಿ ಮೇಲ್ಭಾಗದಲ್ಲಿತ್ತು, ನೆರೆಯವರದು ಕೆಳಗೆ. ನಿಮ್ಮ ತೋಟಕ್ಕೆ ಹಾಯಿಸಿಕೊಂಡು ನೀರನ್ನು ನೆರೆಯವರಿಗೆ ಬಿಟ್ಟುಬಿಡಿ ಎಂಬುದು ಪ್ರವಾದಿ(ಸ)ರ ಮೊದಲ ಸಲಹೆಯಾಗಿತ್ತು. ತನ್ನ ಸಂಬಂಧಿಯೇ ಮೇಲ್ಭಾಗದಲ್ಲಿದ್ದರೂ ಕೆಳಗಿನವರನ್ನು ಅವರು ಮರೆಯಲಿಲ್ಲ. ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಹಣ ತೆತ್ತು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಪ್ರಸಂಗವನ್ನು ಇದರ ಜೊತೆಗೇ ಹೇಳಬೇಕು. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟಿದಾಗ ಬೀದಿಯ ಬದಿಯಲ್ಲಿಡುವ ನೀರಿನ ಮಡಕೆಗೆ ಕನ್ನಡದಲ್ಲಿ ಅರವಟ್ಟಿಗೆ ಎಂಬ ಹಳೆಯ ಹೆಸರಿದೆ, ಉರ್ದುವಿನಲ್ಲಿ ಸಬೀಲ್ ಎನ್ನುತ್ತೇವೆ. ಲೋಟ ತೊಳೆದಿಡುವುದು, ಮಡಕೆ ತುಂಬಿದೆಯೇ ಎಂದು ನೋಡುವುದು ಏಳು ವರ್ಷದ ಮಗುವಿನಿಂದ ಆಗುವ ಕೆಲಸ.

ಇನ್ನು ಗುಳೆಯ ಮಾತು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ದೇವದುರ್ಗ, ಮಾನ್ವಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿನಲ್ಲಿಟ್ಟಿತು. ಮಳೆ ಕೈಕೊಟ್ಟ ವರ್ಷ ಇಲ್ಲಿನ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಹೆತ್ತವರೊಂದಿಗೆ ಹೊರಡುತ್ತಾರೆ. ಅವರು ಧರ್ಮಶಾಸ್ತ್ರದ ಅರ್ಥದಲ್ಲಿ ಅನಾಥರಲ್ಲ. ಆದರೆ ತಿಂಗಳುಗಟ್ಟಲೆ ತಾಯಿಯ ಮುಖ ಕಾಣದ ಹುಡುಗ ತರಗತಿಯಲ್ಲಿ ನಮ್ಮ ಮಗುವಿನ ಪಕ್ಕದಲ್ಲೇ ಕುಳಿತಿರುತ್ತಾನೆ. ಅವನ ಬಳಿ ನೋಟುಪುಸ್ತಕ ಇದೆಯೇ, ಅವನು ಎರಡು ದಿನ ಬರಲಿಲ್ಲವೇಕೆ ಎಂಬುದನ್ನು ಶಿಕ್ಷಕರಿಗಿಂತ ಮೊದಲು ತಿಳಿಯುವುದು ಪಕ್ಕದ ಮಗು. ಸಂಜೆ ಮನೆಯಲ್ಲಿ ಅಂಕಗಳನ್ನು ವಿಚಾರಿಸುವ ಅಬ್ಬಾ, ಅಮ್ಮಿ ಅವನನ್ನೂ ವಿಚಾರಿಸಲಿ. ಕೊಡುವುದೇನಾದರೂ ಇದ್ದರೆ ಫೋಟೋ ತೆಗೆಯದೆ ಕೊಡಲಿ. ಮಾಊನ್ ಅಧ್ಯಾಯ ತೋರಿಕೆಯನ್ನು ಖಂಡಿಸಿರುವುದು ಸಣ್ಣ ಉಪಕಾರ ತಡೆಯುವುದರ ಪಕ್ಕದಲ್ಲೇ.

ಮಕ್ಕಳು ಮರೆಯುತ್ತಾರೆ, ಆಟಕ್ಕೆ ಓಡುತ್ತಾರೆ. ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದ ಹಝ್ರತ್ ಅನಸ್(ರ) ಬಾಲಕರಾಗಿದ್ದಾಗ ಒಮ್ಮೆ ಅವರನ್ನು ಯಾವುದೋ ಕೆಲಸಕ್ಕೆ ಕಳುಹಿಸಲಾಗಿತ್ತು. ದಾರಿಯಲ್ಲಿ ಹುಡುಗರು ಆಡುತ್ತಿದ್ದರು, ಅನಸ್ ಅಲ್ಲೇ ನಿಂತರು. ಹಿಂದಿನಿಂದ ಯಾರೋ ಮೆಲ್ಲನೆ ಕತ್ತು ಹಿಡಿದಂತಾಗಿ ತಿರುಗಿದರೆ ಪ್ರವಾದಿ(ಸ) ನಗುತ್ತಾ ನಿಂತಿದ್ದರು. ಹೇಳಿದಲ್ಲಿಗೆ ಹೋದೆಯಾ ಎಂದು ಮುದ್ದಿನ ಹೆಸರಿನಿಂದ ಕರೆದು ಕೇಳಿದರು. ಇದೋ ಹೋಗುತ್ತಿದ್ದೇನೆ ಎಂದು ಅನಸ್ ಹೊರಟರು.