ಮಕ್ಕಳ ಮೇಲಿನ ಸಾಂಸ್ಥಿಕ ದೌರ್ಜನ್ಯ: ವಿಚಾರಣಾ ಆಯೋಗದ ಸಾಂವಿಧಾನಿಕ ಮಿತಿ

ಶಾಲೆ, ವಸತಿಗೃಹ, ಬಾಲಮಂದಿರಗಳಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಬಗ್ಗೆ ದೇಶಕ್ಕೆಲ್ಲ ಒಂದೇ ವಿಚಾರಣಾ ಆಯೋಗ ನೇಮಿಸಲು ಸಂವಿಧಾನದ ತಡೆಯಿಲ್ಲ. ಪೊಲೀಸ್ ರಾಜ್ಯದ ವಿಷಯ, ನಿಜ. ಆದರೆ ಸಮವರ್ತಿ ಪಟ್ಟಿಯ 45ನೇ ನಮೂದಿನಂತೆ ರಾಜ್ಯಪಟ್ಟಿಯ ವಿಷಯಗಳ ವಿಚಾರಣೆಗೂ ಸಂಸತ್ತು ಕಾನೂನು ಮಾಡಬಹುದು. 1952ರ ವಿಚಾರಣಾ ಆಯೋಗಗಳ ಕಾಯ್ದೆಗೆ ಅದೂ ಒಂದು ಆಧಾರ. ಈ ಅಧಿಕಾರವನ್ನು ಒರೆಗೆ ಹಚ್ಚಿದ್ದು ಕರ್ನಾಟಕವೇ. 1977ರ ಮೇ ತಿಂಗಳಲ್ಲಿ ದೇವರಾಜ ಅರಸು ಸರ್ಕಾರ ತಾನೇ ಆಯೋಗವೊಂದನ್ನು ನೇಮಿಸಿದ ಬೆನ್ನಲ್ಲೇ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿತು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ರಾಜ್ಯ ಸೋತಿತು. ರಾಜ್ಯಕ್ಕೆ ಉಳಿದದ್ದು ಕಾಯ್ದೆಯ 3ನೇ ಕಲಮಿನ ಷರತ್ತು ಮಾತ್ರ: ರಾಜ್ಯದ ಆಯೋಗ ನಡೆಯುತ್ತಿರುವಾಗ ಅದೇ ವಿಷಯಕ್ಕೆ ಕೇಂದ್ರ ಇನ್ನೊಂದನ್ನು ನೇಮಿಸುವಂತಿಲ್ಲ, ವಿಚಾರಣೆ ಎರಡು ರಾಜ್ಯಗಳಿಗಾದರೂ ಹರಡಬೇಕೆಂದು ಅದಕ್ಕೆ ಅನಿಸದ ಹೊರತು. ಸಾಂಸ್ಥಿಕ ದೌರ್ಜನ್ಯವಂತೂ ಗಡಿ ನೋಡಿ ನಡೆಯುವುದಿಲ್ಲ.

ನಿಜವಾದ ಮಿತಿ ಬೇರೆ ಕಡೆ ಇದೆ. ಆಯೋಗ ತೀರ್ಪು ಕೊಡುವುದಿಲ್ಲ, ಶಿಫಾರಸು ಮಾಡುತ್ತದೆ ಎಂದು ದಾಲ್ಮಿಯಾ ಪ್ರಕರಣದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದರೆ ಅದರಿಂದೇನು ಪ್ರಯೋಜನ, ಪೋಕ್ಸೋ ನ್ಯಾಯಾಲಯ ಸಾಲದೇ ಎಂಬ ಆಕ್ಷೇಪ ಹಗುರವಾದದ್ದಲ್ಲ; ಕಪಾಟಿನಲ್ಲಿ ಧೂಳು ಹಿಡಿದ ವರದಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಪೋಕ್ಸೋ ನ್ಯಾಯಾಲಯ ಕೇಳುವುದು ಈ ಆರೋಪಿ ತಪ್ಪಿತಸ್ಥನೇ ಎಂದು ಮಾತ್ರ. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಬದ್ಲಾಪುರದ ಶಾಲೆಯೊಂದರ ಶೌಚಾಲಯದಲ್ಲಿ 2024ರ ಆಗಸ್ಟ್‌ನಲ್ಲಿ ಇಬ್ಬರು ಪುಟ್ಟ ಹುಡುಗಿಯರ ಮೇಲೆ ದೌರ್ಜನ್ಯ ನಡೆಯಿತು. ದೂರು ದಾಖಲಿಸಲು ಪೋಷಕರು ಪೊಲೀಸ್ ಠಾಣೆಯಲ್ಲಿ ಗಂಟೆಗಟ್ಟಲೆ ಕಾಯಬೇಕಾಯಿತು. ಆಗಸ್ಟ್ 20ರಂದು ಜನ ರೈಲು ಹಳಿಗಿಳಿದರು. ದೂರು ಏಕೆ ತಡವಾಯಿತು, ಶಾಲೆ ಏಕೆ ಸುಮ್ಮನಿತ್ತು, ನೌಕರನ ಹಿನ್ನೆಲೆ ಯಾರು ನೋಡಬೇಕಿತ್ತು? ಇವೆಲ್ಲ ಆಯೋಗ ಕೇಳಬಲ್ಲ ಪ್ರಶ್ನೆಗಳು.

ಆಯೋಗದಿಂದ ಕ್ರಿಮಿನಲ್ ವಿಚಾರಣೆ ಕೆಡುತ್ತದೆ ಎನ್ನುವವರಿಗೂ ಕಾಯ್ದೆಯಲ್ಲಿ ಉತ್ತರವಿದೆ. 6ನೇ ಕಲಮಿನ ಪ್ರಕಾರ ಸಾಕ್ಷಿಯ ಹೇಳಿಕೆಯನ್ನು, ಸುಳ್ಳು ಸಾಕ್ಷ್ಯದ ಮೊಕದ್ದಮೆ ಬಿಟ್ಟರೆ, ಅವನ ವಿರುದ್ಧ ಬಳಸುವಂತಿಲ್ಲ. 8ಬಿ ಕಲಮು, ಹೆಸರಿಗೆ ಧಕ್ಕೆಯಾಗಬಹುದಾದವರ ಮಾತನ್ನೂ ಕೇಳಬೇಕೆನ್ನುತ್ತದೆ. ಮಗುವಿನ ಮಾತನ್ನು ಬಾಗಿಲು ಮುಚ್ಚಿ ಕೇಳಲೂ ಅವಕಾಶವಿದೆ. ಮಕ್ಕಳ ಮೇಲಿನ ಸಾಂಸ್ಥಿಕ ದೌರ್ಜನ್ಯವನ್ನೇ ವಿಚಾರಿಸಿದ ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ ಎಂಟು ಸಾವಿರಕ್ಕೂ ಹೆಚ್ಚು ಖಾಸಗಿ ಬೈಠಕ್‌ಗಳಲ್ಲಿ ಸಂತ್ರಸ್ತರ ಮಾತು ಕೇಳಿತು. ಅಲ್ಲಿ ರಾಜ್ಯಗಳೂ ಕೈಜೋಡಿಸಿದ್ದವು.

ಬದ್ಲಾಪುರದ ಆರೋಪಿ 2024ರ ಸೆಪ್ಟೆಂಬರ್ 23ರಂದು ಪೊಲೀಸ್ ವಾಹನದಲ್ಲಿ ಗುಂಡೇಟಿಗೆ ಸತ್ತ. ಶಾಲೆಗಳ ಸುರಕ್ಷತೆ ನೋಡಲು ಬಾಂಬೆ ಹೈಕೋರ್ಟ್ ಸಮಿತಿ ರಚಿಸಿತು. ಮಹಾರಾಷ್ಟ್ರ ಸರ್ಕಾರ ನ್ಯಾಯಾಂಗ ಆಯೋಗ ನೇಮಿಸಿದ್ದು ಆರೋಪಿಯ ಸಾವಿನ ವಿಚಾರಣೆಗೆ.