ಕತ್ತಲಾದ ಮೇಲೆ ದುಬ್ರೋವ್ನಿಕ್
ನೀವೀಗ ಪಿಲೆ ಬಾಗಿಲು ದಾಟಿ ಒಳಗೆ ಬಂದಿದ್ದೀರಿ. ಈ ನಗರ ಗಣರಾಜ್ಯವಾಗಿದ್ದ ಕಾಲದಲ್ಲಿ ರಾತ್ರಿಯಾದರೆ ಇಲ್ಲಿನ ಎತ್ತುಸೇತುವೆಯನ್ನು ಮೇಲಕ್ಕೆಳೆದು, ಬಾಗಿಲು ಭದ್ರಪಡಿಸಿ, ಬೀಗದ ಕೈಗಳನ್ನು ಆಡಳಿತದ ಮುಖ್ಯಸ್ಥನಾದ ರೆಕ್ಟರ್‌ಗೆ ಒಪ್ಪಿಸುತ್ತಿದ್ದರು.

ಬಲಕ್ಕಿರುವುದು 1438ರ ಒನೊಫ್ರಿಯೊ ಕಾರಂಜಿ. ಸುಮಾರು 12 ಕಿ.ಮೀ. ದೂರದ ಬುಗ್ಗೆಯಿಂದ ಇದಕ್ಕೆ ನೀರು ತಂದಿದ್ದರು. ಕಲ್ಲಿನ ಮುಖಗಳ ಬಾಯಿಂದ ನೀರು ಬೀಳುವ ಸದ್ದು, ಹಗಲಿನ ಗದ್ದಲ ಕರಗಿದ ಮೇಲೆಯೇ ಚೆನ್ನಾಗಿ ಕೇಳುವುದು.

ಎದುರಿಗೆ ಸ್ಟ್ರಾಡುನ್. ಒಂದು ಕಾಲಕ್ಕೆ ಇಲ್ಲಿ ಸಮುದ್ರದ ಕಿರುಗಾಲುವೆಯಿತ್ತು. ಅದನ್ನು ತುಂಬಿ ಬೀದಿ ಮಾಡಿದರು. ಹಾಸಿದ ಸುಣ್ಣಕಲ್ಲು ತಲೆಮಾರುಗಳ ಓಡಾಟಕ್ಕೆ ಸವೆದು ಕನ್ನಡಿಯಂತಾಗಿದೆ. ದೀಪ ಹೊತ್ತಿದಾಗ, ಈಗಷ್ಟೇ ಮಳೆ ನಿಂತಂತೆ ಹೊಳೆಯುತ್ತದೆ. ಇಕ್ಕೆಲದ ಮನೆಗಳು ಒಂದೇ ಅಚ್ಚಿನವು: 1667ರ ಭೂಕಂಪದ ನಂತರ ಕಟ್ಟಿದವು.

ಕಲ್ಲು ಜಾರುತ್ತದೆ, ನೋಡಿ ನಡೆಯಿರಿ. ಮೆಟ್ಟಿಲೋಣಿಗಳಲ್ಲಿ ಜನ ವಾಸವಾಗಿದ್ದಾರೆ, ದಯವಿಟ್ಟು ಮೆಲ್ಲಗೆ ಮಾತಾಡಿ.